ಹೊಗೆ ಇಲ್ಲದ ಕಟ್ಟಿಗೆ ಒಲೆ ಹಾಕಿಸ್ತೀರಾ? ಮೊದಲು ಪೈಪಿನ ಹಾದಿ ನೋಡಿ

ಗ್ಯಾಸ್ ಬಂದು ಎಷ್ಟೋ ವರ್ಷ ಆಯಿತು, ಆದರೂ ನಮ್ಮ ಅವ್ವ ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆಯನ್ನೇ ಹಚ್ಚುತ್ತಾಳೆ. ದಿನಾ ಇಪ್ಪತ್ತು ಜೋಳದ ರೊಟ್ಟಿ, ಎಳ್ಳಮಾವಾಸ್ಯೆ ಬಂತೆಂದರೆ ಸಜ್ಜಿ ರೊಟ್ಟಿಯೇ ನೂರರ ಮೇಲೆ. ಇದನ್ನೆಲ್ಲ ಸಿಲಿಂಡರ್ ಮೇಲೆ ಬೇಯಿಸಿದರೆ ಅದು ಎಷ್ಟು ದಿನ ಬಂದೀತು, ನೀವೇ ಹೇಳಿ. ಕಟ್ಟಿಗೆ ನಮ್ಮ ಹೊಲದ್ದೇ ಇದೆ. ತೊಂದರೆ ಇದ್ದದ್ದು ಹೊಗೆಯದು. ಅಡಿಗೆ ಮನೆಯ ಚಾವಣಿ ಡಾಂಬರು ಬಳಿದ ಹಾಗೆ ಕರ್ರಗೆ, ಅವ್ವನ ಕಣ್ಣು ಸದಾ ಕೆಂಪು, ಬೆಳಗಾದರೆ ಕೆಮ್ಮು. ಹಾಗಾಗಿ ಪೈಪಿನ ಒಲೆ ಹಾಕಿಸಿದೆವು. ಒಂದಲ್ಲ, ಎರಡು ಸಲ. ಮೊದಲನೇದನ್ನು ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ನಾವೇ ಒಡೆದು ಹಾಕಿದೆವು. ಎರಡನೇದು ಚೆನ್ನಾಗಿ ಉರಿಯುತ್ತಿದೆ. ಈ ಎರಡರ ನಡುವೆ ಕಲಿತದ್ದನ್ನು ಬರೆಯುತ್ತಿದ್ದೇನೆ.

ಹುಬ್ಬಳ್ಳಿಯಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದರೆ ಇದು ನಿಮಗಲ್ಲ, ಬಿಟ್ಟುಬಿಡಿ. ಸ್ವಂತ ಮನೆ, ಹಿತ್ತಲು, ಪೈಪು ಮೇಲೆ ಹೋಗಲು ಜಾಗ, ಒಣ ಕಟ್ಟಿಗೆ ಇಡಲು ಮಳೆ ಬೀಳದ ಒಂದು ಮೂಲೆ, ಇಷ್ಟಿದ್ದರೆ ಮುಂದೆ ಓದಿ.

ನಮ್ಮ ಕಡೆ ಹಿರಿಯರು ಇದನ್ನು ‘ಅಸ್ತ್ರ ಒಲೆ’ ಅಂತಲೂ ಕರೆಯುತ್ತಾರೆ. ಬಿಲ್ಲು ಬಾಣದ ಅಸ್ತ್ರ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ಒಂದು ತಂತ್ರಜ್ಞಾನ ವಿಭಾಗ ಶುರುವಾಯಿತು, ಎ.ಕೆ.ಎನ್. ರೆಡ್ಡಿ ಅದನ್ನು ಕಟ್ಟಿದವರು. ಆ ವಿಭಾಗದ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದರೆ ‘ಅಸ್ತ್ರ’ ಆಗುತ್ತದೆ. ಅಲ್ಲಿ ತಯಾರಾದ ಮೂರು ಪಾತ್ರೆಯ ಒಲೆ 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಿಗೆ ಬಂತು. ನಾವು ಕಟ್ಟಿದ್ದು ಅದರ ಪಡಿಯಚ್ಚು ಅಲ್ಲ, ಎರಡು ಪಾತ್ರೆಯದು. ಆದರೆ ಯುಕ್ತಿ ಅದೇ. ಗಾಳಿ ಕಬ್ಬಿಣದ ಜಾಳಿಯ ಕೆಳಗಿನಿಂದ ಬರಬೇಕು. ಉರಿ ಮೊದಲ ಪಾತ್ರೆಗೆ ತಾಗಿ, ಎರಡನೇದರ ತಳ ಸವರಿಕೊಂಡು, ಆಮೇಲೆ ಪೈಪಿಗೆ ಹೋಗಬೇಕು. ಇದನ್ನೆಲ್ಲ ಎಳೆಯುವುದು ಪೈಪು. ಪೈಪು ಎಳೆಯದಿದ್ದರೆ ಒಲೆ ಎಷ್ಟು ಚೆಂದ ಕಟ್ಟಿದರೂ ಅದು ಹೊಗೆಯ ಪೆಟ್ಟಿಗೆಯೇ.

ನಾವು ಎಡವಿದ್ದು ಇಲ್ಲೇ. ಮೊದಲ ಸಲ ಗೌಂಡಿ ಒಲೆ ಕಟ್ಟಿ, ಪೈಪನ್ನು ನೆಟ್ಟಗೆ ಮಂಗಳೂರು ಹಂಚಿನ ನಡುವಿನಿಂದ ಮೇಲೆ ತೆಗೆದ. ಹಂಚಿನ ಮೇಲೆ ಒಂದೂವರೆ ಅಡಿ ಬಿಟ್ಟ. "ಇಷ್ಟು ಸಾಕೇನ್ರೀ ಕಾಕಾ?" ಅಂತ ಕೇಳಿದೆ. "ಸಾಕಾಗ್ತೈತಿ ತಮ್ಮಾ, ಹೊಗಿ ಎಲ್ಲಿದ್ರೂ ಮ್ಯಾಲೇ ಹೋಗ್ತೈತಿ" ಅಂದ. ಬೇಸಿಗೆಯಲ್ಲಿ ಹೋಯಿತು ಕೂಡ. ಆಷಾಢದ ಗಾಳಿ ಶುರುವಾದ ದಿನ ನೋಡಿ, ಹೊಗೆಯೆಲ್ಲ ವಾಪಸ್ ಅಡಿಗೆ ಮನೆಗೆ, ಒಲೆಯ ಬಾಯಿಂದ ಬೂದಿ ಸಮೇತ. ನಮ್ಮ ಸೀಮೆಯ ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ನಮ್ಮ ಪೈಪು ಇದ್ದದ್ದು ಚಾವಣಿಯ ಮೂಡಣ ಇಳಿಜಾರಿನಲ್ಲಿ, ನೆತ್ತಿಗಿಂತ ಕೆಳಗೆ. ಗಾಳಿ ನೆತ್ತಿ ದಾಟಿ ಈಚೆ ಕೆಳಗೆ ಬೀಳುವಾಗ ಪೈಪಿನ ಬಾಯಿಗೇ ಒತ್ತುತ್ತಿತ್ತು.

ಆದ್ದರಿಂದ ಇಂಥ ಇಳಿಜಾರು ಚಾವಣಿಗೆ ಪೈಪಿನ ತುದಿ ನೆತ್ತಿಗಿಂತ ಎರಡು ಅಡಿಯಾದರೂ ಮೇಲಿರಬೇಕು. ಆರ್‌ಸಿಸಿ ಮಾಳಿಗೆಯಾದರೆ ಮೂರು ಅಡಿ ಬಿಡಿ, ಸುತ್ತಲಿನ ಪ್ಯಾರಾಪೆಟ್ ಗೋಡೆಗಿಂತಲೂ ಎತ್ತರ ಬರಲಿ. ಒಲೆಯಿಂದ ತುದಿಯವರೆಗೆ ಒಟ್ಟು 10 ಅಡಿಗಿಂತ ಕಡಿಮೆ ಬೇಡ. ಅಗಲ 4 ಇಂಚು. ಮೂರು ಇಂಚಿನದು ಅಗ್ಗ ಅಂತ ತಂದರೆ ತಿಂಗಳೊಳಗೆ ಮಸಿ ಕಟ್ಟಿಕೊಳ್ಳುತ್ತದೆ. ತಿರುವು ಆದಷ್ಟು ಬೇಡ, ಬೇಕೇ ಬೇಕಾದರೆ ಓರೆಯಾಗಿ ಏರುವ ತಿರುವು, ಮಲಗಿದ ಪೈಪು ಅಂತೂ ಬೇಡವೇ ಬೇಡ. ತುದಿಗೆ ತಗಡಿನ ಟೊಪ್ಪಿಗೆ ಹಾಕಿ, ಆದರೆ ಟೊಪ್ಪಿಗೆಗೂ ಪೈಪಿನ ಬಾಯಿಗೂ ನಡುವೆ ನಾಲ್ಕು ಇಂಚು ಸಂದು ಇರಲಿ. ಎತ್ತರದ ಪೈಪನ್ನು ಮೂರು ಕಡೆಯಿಂದ ತಂತಿ ಎಳೆದು ಬಿಗಿಯಿರಿ, ಇಲ್ಲದಿದ್ದರೆ ಮೊದಲ ಬಿರುಗಾಳಿಗೆ ಪಕ್ಕದ ಮನೆಯ ಹಂಚಿನ ಮೇಲಿರುತ್ತದೆ.

ಎರಡನೇ ತಪ್ಪು ಒಡೆದು ನೋಡಿದಾಗಲೇ ಗೊತ್ತಾದದ್ದು. ಪೈಪಿನ ಪಕ್ಕದ ರೀಪು ಒಂದು ಗೇಣಿನಷ್ಟು ಉದ್ದಕ್ಕೆ ಇದ್ದಿಲಾಗಿತ್ತು. ಬೆರಳಿಂದ ಒತ್ತಿದರೆ ಪುಡಿ ಉದುರಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬರಿ ತಗಡಿನ ಪೈಪಿಗೂ ಕಟ್ಟಿಗೆಗೂ ನಡುವೆ ಒಂದೂವರೆ ಅಡಿ ಅಂತರ ಬೇಕು. ಹಂಚಿನ ಮನೆಯಲ್ಲಿ, ಜಂತಿ ಹಾಕಿದ ಮಣ್ಣಿನ ಮಾಳಿಗೆಯಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಅದಕ್ಕೇ ಈ ಸಲ ಚಾವಣಿಗೆ ಕೈ ಹಚ್ಚಲೇ ಇಲ್ಲ. ಪೈಪನ್ನು ಪಕ್ಕದ ಕಲ್ಲಿನ ಗೋಡೆಯಲ್ಲಿ ಓರೆಯಾಗಿ ಹೊರಗೆ ತೆಗೆದು, ಅಲ್ಲಿಂದ ನೆಟ್ಟಗೆ ಮೇಲಕ್ಕೆ ಒಯ್ದೆವು. ಗೋಡೆಯೊಳಗೆ ಹಳೇ ತೊಲೆಯ ತುದಿ ಎಲ್ಲಾದರೂ ಹುದುಗಿದೆಯಾ ಅಂತ ತೂತು ಹೊಡೆಯುವ ಮೊದಲೇ ನೋಡಿಕೊಳ್ಳಿ. ಹೊರಗಿನ ಪೈಪು ಬೇಗ ತಣ್ಣಗಾಗುತ್ತದೆ, ಒಳಗೆ ಮಸಿ ಜಾಸ್ತಿ ಕಟ್ಟುತ್ತದೆ, ಅದು ನಿಜ. ಅದಕ್ಕೆ ಕೆಳಗೆ ಒಂದು ಟೀ, ಅಂದರೆ ಇಂಗ್ಲಿಷಿನ T ಆಕಾರದ ಮೂರು ಬಾಯಿಯ ಪೈಪಿನ ತುಂಡು, ಜೋಡಿಸಿ, ಅದರ ತಳಕ್ಕೆ ಬಿಚ್ಚುವ ಮುಚ್ಚಳ ಇಡಬೇಕು.

ಯಾವ ಪೈಪು? ಪಿವಿಸಿ ಅಂತ ಹೇಳುವವರೂ ಇದ್ದಾರೆ, ಕೇಳಬೇಡಿ. ಅದು ಕರಗುತ್ತದೆ. ಸಿಮೆಂಟ್ ಬಣ್ಣದ ಹಳೇ ಕಲ್ನಾರಿನ ಪೈಪು ಹಿತ್ತಲಲ್ಲಿ ಬಿದ್ದಿದ್ದರೆ ಅದನ್ನು ಕೊಯ್ಯಲು ಹೋಗಬೇಡಿ, ಆ ಧೂಳು ಪುಪ್ಪುಸಕ್ಕೆ ಬಹಳ ಕೆಟ್ಟದ್ದು. ಜಿಐ ಪೈಪು ನಡೆಯುತ್ತದೆ, ಆದರೆ ಅದರ ಸತುವಿನ ಲೇಪ ಜಾಸ್ತಿ ಶಾಖಕ್ಕೆ ಹೊಗೆಯಾಡುತ್ತದೆ. ಆದ್ದರಿಂದ ಒಲೆಯಿಂದ ಮೊದಲ ಎರಡು ಮೂರು ಅಡಿಯನ್ನು ಇಟ್ಟಂಗಿಯಲ್ಲೇ ಕಟ್ಟಿ, ಅಲ್ಲಿಂದ ಮೇಲೆ ಪೈಪು ಹಚ್ಚಿ. ಜೋಡಣೆಯಲ್ಲಿ ಮೇಲಿನ ಪೈಪಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಉಲ್ಟಾ ಮಾಡಿದರೆ ಒಳಗೆ ಕರಗಿದ ಕರೀ ಅಂಟು ಹೊರಗೆ ಸೋರಿ ಗೋಡೆಯೆಲ್ಲ ಪಟ್ಟೆ ಪಟ್ಟೆ. ಅಂಗಡಿಯಲ್ಲಿ ಸುಮ್ನೆ ‘ಚಿಮಣಿ’ ಕೊಡಿ ಅಂದರೆ ಸೀಮೆ ಎಣ್ಣೆ ದೀಪ ಹುಡುಕಲು ಹೋದಾರು, ‘ಹೊಗಿ ಪೈಪು’ ಅನ್ನಿ.

ಈಗ ಮಣ್ಣು. ಅಣ್ಣಿಗೇರಿ, ನವಲಗುಂದ, ರೋಣದ ಕಡೆಯವರು ಕಾಲ ಬುಡದ ಎರೆ ಮಣ್ಣನ್ನೇ ಕಲಸಿಬಿಡುತ್ತಾರೆ. ನಾವೂ ಅದನ್ನೇ ಮಾಡಿದ್ದೆವು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಬೇಸಿಗೆಯ ಹೊಲ ನೋಡಿಲ್ವಾ? ಒಲೆಯೂ ಹಾಗೇ ಬಿರಿಯಿತು, ಬಿರುಕಿನಿಂದ ಹೊಗೆ. ಮಸಾರಿ ಮಣ್ಣು ತರಿಸಿ. ಕಲಘಟಗಿ, ಅಳ್ನಾವರದ ಹಾದಿಯಲ್ಲಿ, ಇತ್ತ ಶಿರಹಟ್ಟಿ ಕಡೆ ಕೆಂಪು ಮಣ್ಣಿಗೆ ಬರವಿಲ್ಲ. ಪಾಳು ಹುತ್ತದ ಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಜರಡಿ ಹಿಡಿದು, ಎರಡು ಪಾಲು ಮಣ್ಣಿಗೆ ಒಂದು ಪಾಲು ಮರಳು, ಒಂದಿಷ್ಟು ಭತ್ತದ ಹೊಟ್ಟು, ಹೆಂಡಿ ಹಾಕಿ ತುಳಿದು ಮೂರು ದಿನ ಒದ್ದೆ ಚೀಲ ಹೊದಿಸಿ ಇಡಿ. ಒಂದು ಹಿಡಿ ತೆಗೆದು ಬಿಲ್ಲೆ ತಟ್ಟಿ ನೆರಳಲ್ಲಿ ಒಣಗಿಸಿ ನೋಡಿ. ಬಿರುಕು ಬಿಟ್ಟರೆ ಇನ್ನಷ್ಟು ಮರಳು, ಉದುರಿದರೆ ಇನ್ನಷ್ಟು ಮಣ್ಣು. ಈ ಬಿಲ್ಲೆ ತಟ್ಟದೆ ಒಲೆಗೆ ಕೈ ಹಾಕಬೇಡಿ.

ಒಲೆಯ ಅಳತೆ ಹೇಳುವ ಮೊದಲು, ಅಡಿಗೆ ಮಾಡುವವರು ಕೂತು ಮಾಡುತ್ತಾರಾ, ನಿಂತು ಮಾಡುತ್ತಾರಾ ಅಂತ ಕೇಳಿ. ನಮ್ಮ ಅವ್ವ ಕೂತೇ ರೊಟ್ಟಿ ಬಡಿಯುವವಳು. ಹಾಗಾಗಿ ಒಲೆಯ ಎತ್ತರ ಒಂದಡಿ. ಉದ್ದ ಮೂರಡಿ, ಅಗಲ ಎರಡಡಿ. ಮೊದಲು ಪೈಪಿನ ಜಾಗ ಗುರುತು ಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ: ಪೈಪು, ಎರಡನೇ ಪಾತ್ರೆಯ ಕಂಡಿ, ಮೊದಲನೇ ಕಂಡಿ, ಬಾಯಿ. ಬೆಂಕಿ ಗೂಡು ಏಳೆಂಟು ಇಂಚು ಅಗಲ ಸಾಕು. ಜಾಳಿಯಿಂದ ಪಾತ್ರೆಯ ತಳಕ್ಕೆ ಒಂದು ಗೇಣಿಗೆ ಸ್ವಲ್ಪ ಕಡಿಮೆ, ಏಳು ಇಂಚು ಅಂದುಕೊಳ್ಳಿ. ಜಾಳಿಗೆ ಗುಜರಿಯಿಂದ ಕಬ್ಬಿಣದ ಸಳಿ ತಂದು ಬೆರಳು ಸಂದು ಬಿಟ್ಟು ಬೆಸುಗೆ ಹಾಕಿಸಿದೆವು. ಅದರ ಕೆಳಗೆ ಬೂದಿ ಬೀಳಲು, ಗಾಳಿ ಬರಲು ನಾಲ್ಕು ಇಂಚು ಖಾಲಿ ಜಾಗ ಬಿಡಿ. ಮೊದಲ ಕಂಡಿಯಿಂದ ಎರಡನೇದಕ್ಕೆ ಹೋಗುವ ಹಾದಿ ಸ್ವಲ್ಪ ಏರುಮುಖ ಇರಲಿ. ಎರಡನೇ ಪಾತ್ರೆಯ ತಳಕ್ಕೂ ಒಲೆಯ ತಳಕ್ಕೂ ಒಂದೂವರೆ ಇಂಚು ಬಿಟ್ಟರೆ ಸಾಕು. ಅಲ್ಲಿ ಆಳವಾಗಿ ತೋಡಿದರೆ ಶಾಖ ಪಾತ್ರೆ ಮುಟ್ಟದೆ ಪೈಪಿಗೆ ಓಡುತ್ತದೆ.

ಕಂಡಿಗೆ ಪಾತ್ರೆ ಕೂರಿಸುವ ಕೆಲಸ ಗೌಂಡಿಗೆ ಬಿಡಬೇಡಿ, ಮನೆಯವರೇ ಮಾಡಿ. ದಿನಾ ಬಳಸುವ ಪಾತ್ರೆಯನ್ನೇ, ರೊಟ್ಟಿ ಹಂಚನ್ನೇ ತೊಗೊಳ್ಳಿ. ತಳಕ್ಕೆ ಒದ್ದೆ ಬೂದಿ ಬಳಿದು ಹಸಿ ಮಣ್ಣಿನ ಮೇಲೆ ಒತ್ತಿ ಕೂರಿಸಿ. ಆಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪಾತ್ರೆಯನ್ನು ಮೆಲ್ಲಗೆ ತಿರುಗಿಸುತ್ತಿರಿ. ಇಲ್ಲದಿದ್ದರೆ ಮಣ್ಣು ಕುಗ್ಗಿ ಪಾತ್ರೆಯನ್ನು ಕಚ್ಚಿಕೊಳ್ಳುತ್ತದೆ, ಎಳೆದರೆ ಅಂಚು ಕಿತ್ತು ಬರುತ್ತದೆ. ಅವ್ವ ನಾಲ್ಕು ದಿನ ಹೀಗೆ ತಿರುಗಿಸಿದಳು. ಈಗ ಹಂಚು ಇಟ್ಟರೆ ಸುತ್ತ ಬೆಳಕು ಕಾಣಲ್ಲ, ಹೊಗೆಯೂ ಬರಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಜೋಳದ ರೊಟ್ಟಿ ಹಂಚಿನ ಮೇಲೆ ಬೆಂದ ಮೇಲೆ ಒಲೆಯ ಬಾಯಿಗೆ ಆನಿಸಿ ಕೆಂಡಕ್ಕೆ ಉಬ್ಬಿಸಬೇಕಲ್ವಾ? ಪೈಪಿನ ಒಲೆಯ ಬಾಯಿ ಸಣ್ಣದು. ನಮ್ಮ ಮೊದಲ ಒಲೆಯಲ್ಲಿ ರೊಟ್ಟಿ ಆನಿಸಲು ಜಾಗವೇ ಇರಲಿಲ್ಲ. "ಇದೇನ್ ಒಲಿ ಹಾಕ್ಸಿಯಪ್ಪಾ, ರೊಟ್ಟಿ ಎಲ್ಲಿ ಸುಡ್ಲಿ, ನಿನ್ನ ತಲಿ ಮ್ಯಾಲ?" ಅಂತ ಅವ್ವನಿಂದ ಬೈಸಿಕೊಂಡೆ. ಈ ಸಲ ಬಾಯಿಯ ಮುಂದೆ ಒಂದು ಗೇಣು ಅಗಲದ ಕಟ್ಟೆ ಬಿಟ್ಟೆವು. ಕೆಂಡವನ್ನು ಕಡ್ಡಿಯಿಂದ ಮುಂದಕ್ಕೆ ಎಳೆದು ರೊಟ್ಟಿ ನಿಲ್ಲಿಸಿದರೆ ಪುಸ್ ಅಂತ ಉಬ್ಬುತ್ತದೆ. ಅಷ್ಟು ಕೆಂಡಕ್ಕೆ ಹೊಗೆ ಇರುವುದಿಲ್ಲ.

ಒಲೆ ನೆರಳಲ್ಲಿ ಹದಿನೈದು ದಿನ ಒಣಗಲಿ. ಅವಸರಕ್ಕೆ ಬೆಂಕಿ ಹಾಕಿದರೆ ಒಳಗಿನ ನೀರು ಹಬೆಯಾಗಿ ಮಣ್ಣು ಸಿಡಿಯುತ್ತದೆ. ಮೊದಲ ಮೂರು ದಿನ ಒಂದು ಹಿಡಿ ಹತ್ತಿಕಟ್ಟಿಗೆಯ ಸಣ್ಣ ಉರಿ ಸಾಕು. ಬಿರುಕು ಕಂಡರೆ ಅದೇ ಮಣ್ಣು ತೆಳ್ಳಗೆ ಮಾಡಿ ತುಂಬಿ. ಎಳೆತ ನೋಡಲು ಒಂದು ಊದುಬತ್ತಿ ಸಾಕು: ಎರಡು ಕಂಡಿಗೂ ಪಾತ್ರೆ ಇಟ್ಟು, ಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಬಾಗಿದರೆ ಸರಿ. ಈಚೆಗೆ ಬಂದರೆ ಎಲ್ಲೋ ಸಂದಿದೆ, ಇಲ್ಲಾ ಪೈಪು ತಣ್ಣಗಿದೆ. ಚಳಿಗಾಲದ ಬೆಳಿಗ್ಗೆ ಪೈಪಿನ ಗಾಳಿ ತಣ್ಣಗೆ ಭಾರವಾಗಿ ಕೂತಿರುತ್ತದೆ. ಒಂದು ಹಿಡಿ ಒಣ ರವದಿಯನ್ನು ಮೊದಲು ಭುಗ್ ಅಂತ ಉರಿಸಿ, ಪೈಪು ಬಿಸಿಯಾದ ಮೇಲೆ ಕಟ್ಟಿಗೆ ಒಡ್ಡಿ. ಅಡಿಗೆ ಒಂದೇ ಪಾತ್ರೆಯಲ್ಲಿದ್ದರೂ ಇನ್ನೊಂದು ಕಂಡಿ ತೆರೆದಿರಬಾರದು, ನೀರಿನ ಪಾತ್ರೆ ಇಡಿ. ಸ್ನಾನಕ್ಕೆ ಪುಕ್ಕಟೆ ಬಿಸಿನೀರು.

ಕಟ್ಟಿಗೆ ಹೆಬ್ಬೆರಳಿನಿಂದ ಮುಂಗೈ ದಪ್ಪದವರೆಗೆ ಸೀಳಿರಬೇಕು, ಖಣಖಣ ಒಣಗಿರಬೇಕು. ರೊಟ್ಟಿಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಚಲೋ, ಬೇಗ ಉರಿ ಬರುತ್ತದೆ. ಸಾರು, ಬೇಳೆಗೆ ಜಾಲಿ, ಕೆಂಡ ನಿಲ್ಲುತ್ತದೆ. ಹಾವೇರಿ ಕಡೆಯವರಿಗೆ ಮೆಕ್ಕೆಜೋಳದ ದಿಂಡು ಬೇಕಾದಷ್ಟಿದೆ. ಬ್ಯಾಡಗಿ ಸುತ್ತ ಮೆಣಸಿನ ಗಿಡದ ಕಡ್ಡಿ ಉರಿಸುವವರು ಅದರಲ್ಲಿ ಒಣ ಕಾಯಿ ಉಳಿದಿದೆಯಾ ನೋಡಿಕೊಳ್ಳಿ, ಒಂದೇ ಕಾಯಿ ಮನೆ ಮಂದಿಯನ್ನೆಲ್ಲ ಅಂಗಳಕ್ಕೆ ಓಡಿಸುತ್ತದೆ. ಕಣಗಿಲೆ ಕಟ್ಟಿಗೆ, ಪ್ಲಾಸ್ಟಿಕ್, ಬಣ್ಣ ಬಳಿದ ಪ್ಲೈವುಡ್ ತುಂಡು ಯಾವತ್ತೂ ಹಾಕಬೇಡಿ.

ಪೈಪು ಇದೆ ಅಂತ ಕಿಟಕಿ ಮುಚ್ಚಬೇಡಿ. ಚಳಿಗೆ ಕೆಂಡ ಉಳಿದ ಒಲೆಯ ಪಕ್ಕ ಬಾಗಿಲು ಹಾಕಿಕೊಂಡು ಮಲಗುವುದಂತೂ ಬೇಡವೇ ಬೇಡ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಬೂದಿಯನ್ನು ತಗಡಿನ ಬುಟ್ಟಿಯಲ್ಲೇ ತುಂಬಿ ಒಂದು ದಿನ ಹೊರಗಿಟ್ಟು ಆಮೇಲೆ ತಿಪ್ಪೆಗೆ ಹಾಕಿ.

ಮಸಿ ತೆಗೆಯುವುದು ತಿಂಗಳಿಗೊಮ್ಮೆ. ಬಹಳ ಮನೆಗಳಲ್ಲಿ ಪೈಪಿನ ಒಲೆ ಕೆಡುವುದು ಇದೊಂದನ್ನು ಮರೆತು. ಒಲೆ ಪೂರ್ತಿ ಆರಿದ ಮೇಲೆ ಟೊಪ್ಪಿಗೆ ತೆಗೆದು, ಹಗ್ಗಕ್ಕೆ ಕಲ್ಲು ಮತ್ತು ಹಳೇ ಚೀಲದ ಮುದ್ದೆ ಕಟ್ಟಿ ಮೇಲಿಂದ ಇಳಿಬಿಟ್ಟು ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ. ಕೆಳಗೆ ಟೀ ಮುಚ್ಚಳದ ಅಡಿಗೆ ಬುಟ್ಟಿ ಹಿಡಿಯಲು ಒಬ್ಬರು ಬೇಕು. ಮೂಗಿಗೆ ಟವೆಲ್ ಕಟ್ಟಿಕೊಳ್ಳಿ. ಹತ್ತುವ ಮೊದಲು ಪಕ್ಕದ ಮನೆಯ ಅಕ್ಕಾರು ಮಾಳಿಗೆ ಮೇಲೆ ಸಂಡಿಗೆ ಹಾಕಿದ್ದಾರಾ ಅಂತ ಒಂದು ಮಾತು ಕೂಗಿ ಕೇಳಿ. ನಾನು ಕೇಳಿರಲಿಲ್ಲ.