ಏಲಕ್ಕಿ ಬಾಳೆ ಸಿಗದ ಶ್ರಾವಣ

ಮೈಸೂರಿನಲ್ಲಿ ನನ್ನದೊಂದು ಹಣ್ಣಿನಂಗಡಿ. ಕೆಲವು ವರ್ಷಗಳ ಹಿಂದೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಏಳು ಗಂಟೆಗೇ ಏಲಕ್ಕಿ ಬಾಳೆ ಒಂದು ಚಿಪ್ಪೂ ಉಳಿದಿರಲಿಲ್ಲ. "ಏನಣ್ಣ, ಹಬ್ಬದ ದಿನ ಬಾಳೆಹಣ್ಣೇ ಇಲ್ವಾ?" ಎಂದು ಕೇಳಿಕೊಂಡು ಎಷ್ಟೋ ಜನ ವಾಪಸು ಹೋದರು. ಮೂಲೆಯಲ್ಲಿ ಮೂರು ಗೊನೆ ಪಚ್ಚಬಾಳೆ ನೇತಾಡುತ್ತಿತ್ತು, ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಅವತ್ತು ರಾತ್ರಿ ಬಾಗಿಲು ಹಾಕುವಾಗ ನನಗೆ ಹೊಟ್ಟೆ ಉರಿದದ್ದು ಆ ಗೊನೆಗಳನ್ನು ನೋಡಿ.

ಏಲಕ್ಕಿಗೆ ಈ ಕಾಲದಲ್ಲಿ ತಾಪತ್ರಯ ಇದ್ದದ್ದೇ. ಕಂದು ನೆಟ್ಟು ಗೊನೆ ಕಡಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಹಿಂದಿನ ವರ್ಷ ಬೆಲೆ ಬಿದ್ದಿದ್ದರೆ ರೈತರು ನೆಡುವುದನ್ನೇ ಕಡಿಮೆ ಮಾಡಿರುತ್ತಾರೆ. ಮೇ ತಿಂಗಳ ಗಾಳಿಮಳೆಗೆ ಗೊನೆ ಹೊತ್ತ ಗಿಡಗಳೇ ಮೊದಲು ಮುರಿದು ಬೀಳುತ್ತವೆ, ಅವು ಶ್ರಾವಣಕ್ಕೆ ಬರಬೇಕಿದ್ದ ಗೊನೆಗಳು. ಅದೇ ಹೊತ್ತಿಗೆ ವರಮಹಾಲಕ್ಷ್ಮಿ, ಗೌರಿ, ಗಣೇಶ ಎಲ್ಲವೂ ಸಾಲಾಗಿ ಬರುತ್ತವೆ. ನೇಂದ್ರಬಾಳೆಯದ್ದೂ ಇದೇ ಕಥೆ, ಗುಂಡ್ಲುಪೇಟೆ ಕಡೆ ಬೆಳೆದದ್ದು ಓಣಂಗೆ ಕೇರಳಕ್ಕೆ ಹೋಗುತ್ತದೆ.

ಮುಂದಿನ ವರ್ಷ ಮಂಡಿಯನ್ನೇ ನಂಬಿ ಕೂರಲಿಲ್ಲ. ನಂಜನಗೂಡಿನ ಆಚೆ ಇಬ್ಬರು ರೈತರ ತೋಟಕ್ಕೆ ಹೋಗಿ, ಅವರಲ್ಲಿದ್ದ ಜಾತಿಗಳನ್ನೆಲ್ಲ ಕಾಯಿ ಗೊನೆಯಾಗಿಯೇ ತಂದೆ. ಕಷ್ಟ ಶುರುವಾದದ್ದು ಹಣ್ಣು ಮಾಡುವಾಗ. ಅಪ್ಪನ ಕಾಲದ ಹಾಗೆ ಹಿಂದಿನ ಕೋಣೆ ಮುಚ್ಚಿ ಒಂದು ರಾತ್ರಿ ಹುಲ್ಲಿನ ಹೊಗೆ ಹಾಕಿದೆ. ಏಲಕ್ಕಿ ಮೂರನೇ ದಿನಕ್ಕೆ ಚಿನ್ನದ ಬಣ್ಣಕ್ಕೆ ತಿರುಗಿತು. ಪಚ್ಚಬಾಳೆ ಮಾತ್ರ ಹಸಿರಾಗಿಯೇ ಇತ್ತು. ಇನ್ನೂ ಕಾಯಿ ಎಂದುಕೊಂಡು ಬಿಟ್ಟೆ. ಎರಡು ದಿನ ಕಳೆದು ಮುಟ್ಟಿದರೆ ಒಳಗೆಲ್ಲ ಮೆತ್ತಗೆ! ನಾಲ್ಕು ಗೊನೆ ಹಸುಗಳ ಪಾಲಾಯಿತು. ಸುಮಾರು 24 ಡಿಗ್ರಿಗಿಂತ ಹೆಚ್ಚು ಸೆಕೆಯಲ್ಲಿ ಈ ಜಾತಿ ಹಣ್ಣಾದರೂ ಸಿಪ್ಪೆಯ ಹಸಿರು ಬಿಡುವುದಿಲ್ಲ ಎಂದು ಆಮೇಲೆ ತಿಳಿಯಿತು. ದೊಡ್ಡ ವ್ಯಾಪಾರಿಗಳು ತಂಪು ಕೋಣೆಯಲ್ಲಿ, ಕಾಯಿಯನ್ನು ಹಣ್ಣು ಮಾಡುವ ಎಥಿಲೀನ್ ಅನಿಲ ಕೊಟ್ಟು ಹಳದಿ ಮಾಡುವುದು ಅದಕ್ಕೇ. ನಾನೀಗ ಪಚ್ಚಬಾಳೆಗೆ ಹೊಗೆ ಹಾಕುವುದಿಲ್ಲ. ನೆರಳಲ್ಲಿ ನೇತುಹಾಕಿ, ಏಣು ಹೋಗಿ ದುಂಡಗಾದ ಕಾಯಿಯನ್ನು ದಿನಾ ಬೆರಳಲ್ಲಿ ಒತ್ತಿ ನೋಡುತ್ತೇನೆ.

ಹಸಿರು ಸಿಪ್ಪೆಯ ಹಣ್ಣನ್ನು ಮಾರುವುದು ಹೇಗೆ? ಒಂದು ತಟ್ಟೆಯಲ್ಲಿ ಹೋಳು ಮಾಡಿ ಇಟ್ಟೆ. "ತಿಂದು ನೋಡಿ ಅಮ್ಮ, ಆಮೇಲೆ ಹೇಳಿ." ತಾಂಬೂಲಕ್ಕೆ, ನೈವೇದ್ಯಕ್ಕೆ ಬೇಕಾದಷ್ಟು ಏಲಕ್ಕಿ ತಗೊಳ್ಳಿ, ಸಪಾದಭಕ್ಷ್ಯಕ್ಕೂ ಮಕ್ಕಳಿಗೂ ಪಚ್ಚಬಾಳೆ ಸಾಕು ಎಂದು ಒಬ್ಬೊಬ್ಬರಿಗೂ ಹೇಳಿದೆ. ಅರ್ಧದಷ್ಟು ಜನ ಒಪ್ಪಿದರು. ಚಂದ್ರಬಾಳೆಯ ಕೆಂಪು ಸಿಪ್ಪೆ ನೋಡಿ ಮಕ್ಕಳೇ ಹಟ ಹಿಡಿದು ಕೊಳ್ಳಿಸಿದರು.

ರಸಬಾಳೆಯ ವಿಷಯ ಬೇರೆ. ನಂಜನಗೂಡಿಗೆ ಇಷ್ಟು ಹತ್ತಿರ ಇದ್ದರೂ ಅದು ನನ್ನ ಅಂಗಡಿಗೆ ಬರುವುದು ಯಾವಾಗಲಾದರೂ ಒಮ್ಮೆ. ನಂಜನಗೂಡು ತಾಲ್ಲೂಕಿನ ದೇವರಸನಹಳ್ಳಿಯ ಹೆಸರು ಹೇಳಿದರೇ ಬಾಯಲ್ಲಿ ನೀರೂರುತ್ತಿದ್ದ ಈ ಹಣ್ಣನ್ನು ಪನಾಮಾ ಸೊರಗು ರೋಗ ತಿಂದುಹಾಕಿದೆ. ಬೇರಿನಿಂದ ಹತ್ತುವ ಶಿಲೀಂಧ್ರ ಅದು. ಒಮ್ಮೆ ಹೊಕ್ಕರೆ ದಶಕಗಟ್ಟಲೆ ಮಣ್ಣಲ್ಲೇ ಇರುತ್ತದೆ, ಔಷಧಿ ಹೊಡೆದರೆ ಹೋಗುವಂಥದ್ದಲ್ಲ. ಈ ಊರಿನದೇ ಹಣ್ಣು ಎನ್ನುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ ನಿಜ, ಆದರೆ ಕಾಯಿಲೆ ಬಿದ್ದ ಮಣ್ಣಿಗೆ ಅದರಿಂದ ಏನಾದೀತು? ತಮಿಳುನಾಡಿನ ರಸ್ತಾಳಿ, ಕೇರಳದ ಪೂವನ್ ಇದೇ ಗುಂಪಿನವು. (ತಮಿಳರು ಪೂವನ್ ಎನ್ನುವುದು ಬೇರೆ ಹಣ್ಣು, ಸ್ವಲ್ಪ ಹುಳಿ.) ರಸ್ತಾಳಿ ಬಂದಾಗ ನಾನು ರಸ್ತಾಳಿ ಎಂದೇ ಹೇಳಿ ಮಾರುತ್ತೇನೆ. ನಂಜನಗೂಡಿನದ್ದೆಂದು ಸುಳ್ಳು ಹೇಳಿದರೆ ಕಷ್ಟಪಟ್ಟು ಅದನ್ನು ಉಳಿಸಿಕೊಂಡಿರುವ ಕೆಲವೇ ರೈತರಿಗೆ ದ್ರೋಹ.

ನಿಜವಾದ ರಸಬಾಳೆ ಬಂದ ದಿನ ಅದನ್ನು ಗೊನೆಯಲ್ಲಿ ನೇತುಹಾಕುವುದಿಲ್ಲ, ಹಣ್ಣಾದರೆ ತೊಟ್ಟು ಕಳಚಿ ಉದುರುತ್ತದೆ. ಚಿಪ್ಪು ಬಿಡಿಸಿ ಬಾಳೆ ಎಲೆಯ ಮೇಲೆ ಇಡುತ್ತೇನೆ. ತೆಳು ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಕಂಡರೆ ಕೊಳೆತಿದೆ ಎಂದು ಪಕ್ಕಕ್ಕೆ ತಳ್ಳುವವರಿಗೆ, "ಈಗಲೇ ರುಚಿ, ಇಲ್ಲೇ ಒಂದು ತಿನ್ನಿ" ಎನ್ನುತ್ತೇನೆ. ಹೋದ ಸಲ ಒಬ್ಬ ಅಜ್ಜಿ ಅಂಗಡಿ ಮುಂದಿನ ಸ್ಟೂಲಿನ ಮೇಲೆ ಕೂತು ಎರಡು ತಿಂದು, ಸೊಸೆಗೆಂದು ಎರಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.