ಎಸ್‌ಇಒ ರಿಪೋರ್ಟ್ ಕೊಡುವವರಿಗೆ ಒಂದು ಸಲಹೆ

ದಾವಣಗೆರೆಯ ಒಂದು ಸೀರೆ ಅಂಗಡಿಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ಎಸ್‌ಇಒ, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸದ ಬಗ್ಗೆ ತಿಂಗಳಿಗೊಂದು ದಪ್ಪ ರಿಪೋರ್ಟ್ ಕಳಿಸುತ್ತಿದ್ದೆ. ಮಾಲೀಕರು ಕೇಳಿದ್ದು ಒಂದೇ ಮಾತು: "ಇದ್ರಿಂದ ಅಂಗಡಿಗೆ ಯಾರಾದ್ರೂ ಬಂದ್ರಾ?" ನನ್ನ ಬಾಯಿ ಕಟ್ಟಿತು.

ಈಗ ಒಂದೇ ಪುಟ. ಮೇಲೆ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ (ಗೂಗಲ್ ಸರ್ಚ್, ಮ್ಯಾಪ್‌ನಲ್ಲಿ ಕಾಣುವ ಅಂಗಡಿಯ ಪರಿಚಯ) ಬಂದ ಕರೆಗಳು, ದಾರಿ ಕೇಳಿದವರ ಲೆಕ್ಕ. ಕೆಳಗೆ ಸರ್ಚ್ ಕನ್ಸೋಲ್‌ನ ಕ್ಲಿಕ್‌ಗಳು; ಜನ ಏನು ಹುಡುಕಿ ಸೈಟ್‌ಗೆ ಬಂದರು ಅಂತ ತೋರಿಸುವ ಗೂಗಲ್‌ನ ಟೂಲ್ ಅದು. ಅದರಲ್ಲಿ ಅಂಗಡಿ ಹೆಸರು ಹಾಕಿ ಹುಡುಕಿದವರನ್ನು ಬೇರೆ ತೋರಿಸಿ. ಅವರು ಹೇಗಿದ್ದರೂ ಬರುತ್ತಿದ್ದರು, ಅಲ್ವಾ? "ದಾವಣಗೆರೆ ಮದುವೆ ಸೀರೆ" ಅಂತ ಹುಡುಕಿ ಬಂದವರನ್ನು ಮಾತ್ರ ನಮ್ಮ ಕೆಲಸದ ಲೆಕ್ಕಕ್ಕೆ ಹಿಡಿಯಬಹುದು.

ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಆಷಾಢದಲ್ಲಿ ಮದುವೆ ಸೀರೆ ಹುಡುಕುವವರು ಕಡಿಮೆ, ಸುಮ್ನೆ ಬೈಸಿಕೊಳ್ಳುತ್ತೀರಿ. ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಅದರಲ್ಲೂ ಹಬ್ಬದ ಮೇಲೆ ಕಣ್ಣಿರಲಿ. ದೀಪಾವಳಿ 2023ರಲ್ಲಿ ನವೆಂಬರ್‌ನಲ್ಲಿತ್ತು, 2025ರಲ್ಲಿ ಅಕ್ಟೋಬರ್‌ಗೇ ಬಂತು. ಇದನ್ನು ರಿಪೋರ್ಟ್‌ನಲ್ಲೇ ಒಂದು ಸಾಲು ಬರೆದುಬಿಡಿ. ಸರ್ಚ್ ಕನ್ಸೋಲ್ 16 ತಿಂಗಳ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಶೀಟ್‌ನಲ್ಲಿ ಇಡಿ. ನಾನು ತಡವಾಗಿ ಎಚ್ಚೆತ್ತು ಹಳೆಯದನ್ನೆಲ್ಲ ಕಳೆದುಕೊಂಡೆ.

ಇನ್ನು "ನಾವು ಫಸ್ಟ್ ಬರ್ತೀವಾ?" ಅನ್ನೋ ಪ್ರಶ್ನೆ. ಅಂಗಡಿಯಲ್ಲೇ ಕೂತು ಹುಡುಕಿದರೆ ಗೂಗಲ್ ಹತ್ತಿರದ್ದನ್ನೇ ಮೇಲೆ ತೋರಿಸುವುದು ಜಾಸ್ತಿ. ಹರಿಹರದಲ್ಲಿರುವ ನೆಂಟರ ಫೋನ್‌ನಲ್ಲಿ ಹುಡುಕಿಸಿ ತೋರಿಸಿದೆ. ಆಮೇಲೆ ಆ ಪ್ರಶ್ನೆ ಬರಲಿಲ್ಲ.