ಎಂಜಿಬಿಯ ಐಡಲಿಂಗ್: ಸ್ಕ್ರೂ ಮುಟ್ಟುವುದು ಕೊನೆಗೆ

ಸಿಗ್ನಲ್‌ನಲ್ಲಿ ನಿಂತ ಹಳೆಯ ಕಾರಿನ ಎಂಜಿನ್ ಐಡಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ನಡುಗಿ ಆರಿಹೋದರೆ, ಬಾನೆಟ್ ಎತ್ತಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡಿ ಕೈ ಒರೆಸಿಕೊಳ್ಳುವವರನ್ನು ನಾನು ಬಹಳ ಕಂಡಿದ್ದೇನೆ. ಎಂಜಿನ್ ಆರುವುದು ಆಗ ನಿಲ್ಲುತ್ತದೆ, ಆದರೆ ಅದು 1200 ಆರ್‌ಪಿಎಂನಲ್ಲಿ ಅರಚುತ್ತಾ ನಿಲ್ಲುತ್ತದೆ. ಮೂಲ ದೋಷ ಇದ್ದಲ್ಲಿಯೇ ಇರುತ್ತದೆ.

ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ. ಅದರ 1798 ಸಿಸಿ ಎಂಜಿನ್ನಿಗೆ ಎರಡು ಎಸ್‌ಯು ಕಾರ್ಬ್ಯುರೇಟರುಗಳಿವೆ. ಮುಂದೆ ಹೇಳುವುದು 1970ರ ದಶಕದ ಆರಂಭದವರೆಗಿನ ಕಾರುಗಳಲ್ಲಿದ್ದ ಎಚ್‌ಎಸ್4 ಮಾದರಿಗೆ ಅನ್ವಯಿಸುತ್ತದೆ.

ಮೊದಲು ಟ್ಯಾಪೆಟ್ ಸಂದಿ (ವಾಲ್ವ್ ತೆರೆಯುವ ಭಾಗಗಳ ನಡುವಿನದು, ಎಂಜಿನ್ ತಣ್ಣಗಿರುವಾಗ 0.38 ಮಿ.ಮೀ.), ಪ್ಲಗ್, ಕಿಡಿಗಾಗಿ ವಿದ್ಯುತ್ ಕಡಿಯುವ ಪಾಯಿಂಟ್, ಕಿಡಿಯ ಟೈಮಿಂಗ್, ಇಷ್ಟನ್ನೂ ಸರಿಪಡಿಸಿ. ಕಾರ್ಬ್ಯುರೇಟರಿನಿಂದ ಎಂಜಿನ್ನಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದ್ದರೆ ಅಥವಾ ಥ್ರಾಟಲ್ ಸ್ಪಿಂಡಲ್ (ಗಾಳಿಯ ಬಾಗಿಲನ್ನು ತಿರುಗಿಸುವ ಕಡ್ಡಿ) ಸವೆದು ಅಲ್ಲಾಡುತ್ತಿದ್ದರೆ ಮುಂದಿನ ಕೆಲಸಕ್ಕೆ ಕೈಹಾಕಬೇಡಿ. ಆ ಸಂದಿಯಿಂದ ನುಗ್ಗುವ ಗಾಳಿಯನ್ನು ಯಾವ ಸ್ಕ್ರೂವೂ ತಡೆಯಲಾರದು. ಕಾರ್ಬ್ಯುರೇಟರಿನ ಪಿಸ್ಟನ್ ಜಿಗಿಯದಂತೆ ತಡೆಯುವ, ಅದರ ಮೇಲ್ಭಾಗದ ಡ್ಯಾಶ್‌ಪಾಟ್‌ಗೆ ತೆಳುವಾದ ಎಸ್‌ಎಇ 20 ಎಣ್ಣೆ ಹಾಕಿ. ಡಬ್ಬಿಯಲ್ಲಿ ಉಳಿದ ದಪ್ಪ ಎಣ್ಣೆಯನ್ನು ಸುರಿಯುವ ಅಡ್ಡದಾರಿಯಿಂದ ಐಡಲಿಂಗ್ ಕೆಡದಿದ್ದರೂ ಆಕ್ಸಿಲರೇಟರ್ ಒತ್ತಿದಾಗ ಪಿಸ್ಟನ್ ಮೇಲೇಳಲು ತಡವರಿಸುತ್ತದೆ. ನಂತರ ಕಾರನ್ನು ಕಾಲು ಗಂಟೆ ಓಡಿಸಿ ಬಿಸಿಮಾಡಿ, ಏರ್ ಫಿಲ್ಟರುಗಳನ್ನು ಬಿಚ್ಚಿಡಿ.

ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಎರಡು ಕಾರ್ಬ್ಯುರೇಟರುಗಳ ಥ್ರಾಟಲ್ ಸ್ಪಿಂಡಲ್‌ಗಳನ್ನು ನಡುವಿನ ಜೋಡಣೆಯ ಕಡ್ಡಿ ಒಂದಕ್ಕೊಂದು ಬೆಸೆದಿರುತ್ತದೆ. ಅದರ ಕ್ಲ್ಯಾಂಪ್ ಬೋಲ್ಟುಗಳನ್ನೂ ಚೋಕ್‌ನ ಜೋಡಣೆಯ ಬೋಲ್ಟುಗಳನ್ನೂ ಸಡಿಲಿಸದೆ ಒಂದರ ಸ್ಕ್ರೂ ತಿರುಗಿಸಿದರೆ ಇನ್ನೊಂದೂ ಅದರ ಜೊತೆಗೇ ಅಲುಗುತ್ತದೆ. ಸಂಜೆಯವರೆಗೆ ತಿರುಗಿಸಿದರೂ ಸಮತೋಲ ಬರುವುದಿಲ್ಲ. ಬೋಲ್ಟುಗಳನ್ನು ಸಡಿಲಿಸಿದ ಮೇಲೆ, ಎರಡೂ ಥ್ರಾಟಲ್ ಸ್ಕ್ರೂಗಳನ್ನು ಪೂರ್ತಿ ಹಿಂದೆಗೆದು, ತುದಿ ತಾಗುವವರೆಗೆ ಮತ್ತೆ ಒಳಗೆ ತಂದು, ಅಲ್ಲಿಂದ ಒಂದೂವರೆ ಸುತ್ತು ಕೊಡಿ. ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಕೆಳಗಿನ ಜೆಟ್ ನಟ್ಟನ್ನು ಪೂರ್ತಿ ಮೇಲಕ್ಕೇರಿಸಿ, ಅಲ್ಲಿಂದ ಎರಡು ಸುತ್ತು, ಅಂದರೆ ಷಟ್ಕೋನ ನಟ್ಟಿನ 12 ಮುಖಗಳಷ್ಟು, ಕೆಳಗಿಳಿಸಿ.

ಎಂಜಿನ್ ಚಾಲೂ ಮಾಡಿ, ಅರ್ಧ ಮೀಟರಿನಷ್ಟು ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಯ ಬಳಿ ಹಿಡಿದರೆ ಗಾಳಿಯ ಬುಸುಗುಟ್ಟುವಿಕೆ ಕೇಳುತ್ತದೆ. ಎರಡರಲ್ಲೂ ನಳಿಕೆಯನ್ನು ಅದೇ ಜಾಗದಲ್ಲಿ, ಅದೇ ದೂರದಲ್ಲಿ ಹಿಡಿಯಬೇಕು. ಸದ್ದು ಜೋರಾಗಿರುವ ಕಡೆಯ ಸ್ಕ್ರೂವನ್ನು ಹಿಂದೆಗೆದು, ಮೆಲ್ಲಗಿರುವ ಕಡೆಯದನ್ನು ಒಳಗೆ ಕೊಡುತ್ತಾ, ಒಮ್ಮೆಗೆ ಸುತ್ತಿನ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸದೆ, ಎರಡೂ ಸದ್ದು ಒಂದೇ ಆಗುವವರೆಗೆ ತಾಳ್ಮೆಯಿಂದ ಸಾಗಿ. ಬಾಯಿಯನ್ನೇ ಅರ್ಧ ಮುಚ್ಚಿ ಅಳೆಯುವ ಅಗ್ಗದ ಮೀಟರುಗಳಿಗೆ ಹಣ ಸುರಿಯಬೇಡಿ. ಅವು ಅಳೆಯಬೇಕಾದ ಗಾಳಿಯನ್ನೇ ಕಟ್ಟಿಹಾಕಿ ಎಂಜಿನ್ನಿನ ಓಟವನ್ನು ಬದಲಿಸುತ್ತವೆ.

ಇನ್ನು ಮಿಶ್ರಣ. ಕಾರ್ಬ್ಯುರೇಟರಿನ ಪಕ್ಕದ ಚಿಕ್ಕ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ, ಸುಮಾರು 0.8 ಮಿ.ಮೀ. ಮಾತ್ರ ಎತ್ತಿ ನೋಡಿ. ವೇಗ ಏರಿ ಏರಿದಂತೆಯೇ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ, ನಟ್ಟನ್ನು ಒಂದು ಮುಖ ಮೇಲೇರಿಸಿ. ತಕ್ಷಣ ಕುಸಿದರೆ ಪೆಟ್ರೋಲ್ ಸಾಲದು, ಒಂದು ಮುಖ ಇಳಿಸಿ. ಕ್ಷಣಮಾತ್ರ ತುಸು ಏರಿ ಮೊದಲಿನ ವೇಗಕ್ಕೆ ಮರಳಿದರೆ ಸರಿಯಾಗಿದೆ. ಮಿಶ್ರಣ ಬದಲಾದಂತೆ ವೇಗವೂ ಬದಲಾಗುವುದರಿಂದ ನಳಿಕೆ ಹಿಡಿದು ಸಮತೋಲವನ್ನು ಮತ್ತೆ ನೋಡಬೇಕು. ಒಂದರ ತಿದ್ದುಪಡಿ ಇನ್ನೊಂದನ್ನು ಕೆಡಿಸುವುದು ನಿಲ್ಲುವವರೆಗೆ ಎರಡು ಮೂರು ಸಲ ಹೀಗೆ ಓಡಾಡಬೇಕಾಗುತ್ತದೆ. ಹೊತ್ತು ಹಿಡಿದರೆ ಮೂರು ನಿಮಿಷಕ್ಕೊಮ್ಮೆ 2500 ಆರ್‌ಪಿಎಂವರೆಗೆ ಅರ್ಧ ನಿಮಿಷ ರೇಸ್ ಕೊಟ್ಟು ಮ್ಯಾನಿಫೋಲ್ಡಿನಲ್ಲಿ ನಿಂತ ಪೆಟ್ರೋಲನ್ನು ಖಾಲಿ ಮಾಡಿ. ಇಲ್ಲದಿದ್ದರೆ ಪಿನ್ನಿನ ಪರೀಕ್ಷೆ ಸುಳ್ಳು ಹೇಳುತ್ತದೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್‌ಗೆ ನಟ್ಟು ಹಳೆಯ ಗುರುತಿಗಿಂತ ತುಸು ಕೆಳಗೆ ಕೂರಬೇಕಾಗಬಹುದು.

ಈಗ ಮಾತ್ರ ವೇಗ. ಎರಡೂ ಥ್ರಾಟಲ್ ಸ್ಕ್ರೂಗಳನ್ನು ಸಮನಾಗಿ ತಿರುಗಿಸಿ 800 ಆರ್‌ಪಿಎಂಗೆ ನಿಲ್ಲಿಸಿ. ಮೊದಲ ಕಾರುಗಳ ಕೈಪಿಡಿ 500 ಎನ್ನುತ್ತದೆ, ಆದರೆ ಸವೆದ ಎಂಜಿನ್ನಿನಲ್ಲಿ ಅಷ್ಟು ಕಡಿಮೆ ವೇಗ ಸುಮ್ಮನೆ ನಡುಕ ತರಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬದೆ ಕೈಯಲ್ಲಿ ಹಿಡಿಯುವ ಟ್ಯಾಕೋಮೀಟರಿನಿಂದ ಓದಿ. 1967ಕ್ಕಿಂತ ಹಳೆಯ ಡೈನಮೋ ಕಾರುಗಳಲ್ಲಿ ಆಗ ಬ್ಯಾಟರಿ ಚಾರ್ಜಿನ ಕೆಂಪು ದೀಪ ಮಿನುಗಿದರೆ ಗಾಬರಿಯಾಗಬೇಡಿ.

ಸ್ಪಿಂಡಲ್ ಬೋಲ್ಟುಗಳನ್ನು ಬಿಗಿಮಾಡುವಾಗ ಲಿವರ್ ಮತ್ತು ಅದರ ತಡೆಯ ನಡುವೆ 0.3 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ಇಡಿ. ಈ ಸಣ್ಣ ಸಂದಿ ಇಲ್ಲದಿದ್ದರೆ ಥ್ರಾಟಲ್ ಪೂರ್ತಿ ಮುಚ್ಚದೆ, ಇಷ್ಟು ಹೊತ್ತಿನ ಶ್ರಮವೆಲ್ಲ ಮಣ್ಣುಪಾಲಾಗುತ್ತದೆ. ಕೊನೆಗೆ ಚೋಕನ್ನು ಜೆಟ್ ಅಲುಗುವ ಹಂತದವರೆಗೆ ಮಾತ್ರ ಎಳೆದು, ಫಾಸ್ಟ್ ಐಡಲ್ ಸ್ಕ್ರೂಗಳನ್ನು 1000 ಆರ್‌ಪಿಎಂ ಆಸುಪಾಸಿಗೆ ತಂದು, ಫಿಲ್ಟರುಗಳನ್ನು ಹಾಕಿ ಮತ್ತೊಮ್ಮೆ ವೇಗ ನೋಡಿ.